ಮರಳು, ಗಾರೆ, ಜಿಪಿಯು ಮತ್ತು ಮಾಮನ ಮೃದಂಗ

"ಎಲ್ಲಾ ಸರಿ ಕಣೋ, ಆದ್ರೆ ಇದು ಲಯ ತಪ್ತಾ ಇದೆಯಲ್ಲೋ!"

ಯುಗಾದಿಗೆ ಮೈಸೂರಿಗೆ ಹೋಗಿದ್ದಾಗ ನನ್ನ ಸೋದರಮಾವ ಹೇಳಿದ ಮಾತಿದು. ಮೂರು ವಾರಾಂತ್ಯ ಕೂತು, ಕಣ್ಣು ಕೆಂಪಗೆ ಮಾಡಿಕೊಂಡು, ಮೃದಂಗದ ಬಲಮುಖದ ಚರ್ಮ ಹೇಗೆ ಕಂಪಿಸುತ್ತದೆ ಅಂತ ತೋರಿಸುವ ಒಂದು ಪ್ರೋಗ್ರಾಮ್ ಬರೆದಿದ್ದೆ. ಅದನ್ನು ಮಾಮನ ಹಳೇ ಲ್ಯಾಪ್‌ಟಾಪಿನಲ್ಲಿ ಓಡಿಸಿ, "ಹೇಗಿದೆ ಮಾಮ?" ಅಂತ ಹಲ್ಲು ಕಿರಿದುಕೊಂಡು ನಿಂತಿದ್ದೆ. ಶಹಭಾಸ್‌ಗಿರಿ ಸಿಗುತ್ತೆ ಅಂದುಕೊಂಡಿದ್ದವನಿಗೆ ಸಿಕ್ಕಿದ್ದು ಇದು. ಅಷ್ಟಕ್ಕೇ ಬಿಡಲಿಲ್ಲ. ಅದೇ ಲೆಕ್ಕದಿಂದ ನಾನು ಹುಟ್ಟಿಸಿದ್ದ ಸದ್ದನ್ನೂ ಕೇಳಿ, "ಇದು ಮೃದಂಗ ಅಲ್ಲಪ್ಪ, ಬಿಸ್ಕತ್ ಡಬ್ಬ" ಅಂದರು. ಅತ್ತೆ ಅಡುಗೆಮನೆಯಿಂದ ನಕ್ಕಿದ್ದು ಕೇಳಿಸಿತು :-(

ಮಾಮ ಇದನ್ನು ತಮಾಷೆಗೆ ಮಾಡಿಸಿಕೊಂಡದ್ದಲ್ಲ. ನಲವತ್ತು ವರ್ಷದಿಂದ ಮೃದಂಗ ನುಡಿಸುತ್ತಿರುವವರು, ಮನೆಯಲ್ಲೇ ಏಳೆಂಟು ಮಕ್ಕಳಿಗೆ ಪಾಠ ಹೇಳುತ್ತಾರೆ. ಎರಡು ವರ್ಷದಿಂದ ಬಲಗಿವಿ ಮಂದವಾಗುತ್ತಾ ಬಂದಿದೆ. ಮೇಲಿನ ಸ್ವರಗಳೇ ಮೊದಲು ಹೋಗುತ್ತಿವೆಯಂತೆ. ಈಗ ಶ್ರುತಿ ಮಾಡುವಾಗ ದೊಡ್ಡ ಶಿಷ್ಯನೊಬ್ಬ ಪಕ್ಕದಲ್ಲಿ ಕೂರಬೇಕು. "ಕಿವಿಗೆ ಸರಿಯಾಗಿ ಕೇಳದೇ ಇರೋದನ್ನ ಕಣ್ಣಿಗೆ ಕಾಣೋ ಹಾಗೆ ಮಾಡೋಕಾಗುತ್ತೇನೋ ನಿನ್ನ ಕಂಪ್ಯೂಟರಲ್ಲಿ?" ಅಂತ ಫೋನಿನಲ್ಲಿ ಕೇಳಿದ್ದರು. ನನಗೆ ನೆನಪಿರುವ ಹಾಗೆ ಮಾಮ ನನ್ನಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು. ಆದ್ದರಿಂದ ಈ ಎರಡು ದೂರುಗಳು, ಒಂದು ಲಯದ್ದು, ಇನ್ನೊಂದು ಶ್ರುತಿಯದ್ದು, ಬೆಂಗಳೂರಿಗೆ ವಾಪಸ್ ಬರುವ ರೈಲಿನ ಉದ್ದಕ್ಕೂ ತಲೆ ಕೊರೆದವು.

ಆ ದೂರುಗಳ ಬೆನ್ನು ಹತ್ತಿ ಹೋದವನಿಗೆ ಸುಮಾರು ಇನ್ನೂರಮೂವತ್ತು ವರ್ಷಗಳ ಒಂದು ಕತೆ ಸಿಕ್ಕಿತು. ಅದನ್ನು ನಿಮಗೂ ಹೇಳಿಬಿಡೋಣ ಅಂತ ಕೀಲಿಮಣೆ ಕುಟ್ಟುತ್ತಿದ್ದೇನೆ. ಸ್ವಲ್ಪ ಉದ್ದವಿದೆ, ಕಾಫಿ ತಂದುಕೊಂಡು ಕೂರಿ.

*

ಮೊದಲಿಗೆ, ಸರ್ಫೇಸ್ ಪ್ಲಾಟ್ ಅಂದರೆ ಏನು? ಎಂಜಿನಿಯರಿಂಗ್ ಓದಿದವರೆಲ್ಲ ನೋಡಿರುತ್ತೀರಿ. ನೆಲದ ಮೇಲೆ ಚೌಕಚೌಕದ ಒಂದು ಬಲೆ ಹಾಸಿದ್ದೀರಿ ಅಂದುಕೊಳ್ಳಿ. ಬಲೆಯ ಒಂದೊಂದು ಗಂಟಿನಲ್ಲೂ ಒಂದು ಬೆಲೆಯಿದೆ: ಉಷ್ಣತೆಯೋ, ಒತ್ತಡವೋ, ಚರ್ಮ ಎಷ್ಟು ಮೇಲೆದ್ದಿದೆ ಅನ್ನುವುದೋ. ಆ ಬೆಲೆಯಷ್ಟು ಎತ್ತರಕ್ಕೆ ಆ ಗಂಟನ್ನು ಎತ್ತಿ. ಆಗ ಬಲೆ ಗುಡ್ಡ ಕಣಿವೆಗಳ ಹಾಗೆ ಕಾಣುತ್ತದೆ. ಅದೇ ಸರ್ಫೇಸ್ ಪ್ಲಾಟ್. ಆ ಬೆಲೆಗಳು ಕ್ಷಣಕ್ಷಣಕ್ಕೂ ಬದಲಾಗುತ್ತಿದ್ದರೆ ಬಲೆಯೂ ಕುಣಿಯಬೇಕು. ಕುಣಿಸುವುದೇ ಕಷ್ಟ.

ಕಂಪ್ಯೂಟರ್ ಬರುವ ಮೊದಲು ಈ ಕೆಲಸ ಮಾಡಿದವರಲ್ಲಿ ಜರ್ಮನಿಯ ಅರ್ನ್ಸ್ಟ್ ಕ್ಲಾಡ್ನಿ ಮುಖ್ಯ. ಆತ ಲೋಹದ ಅಥವಾ ಗಾಜಿನ ತಟ್ಟೆಯ ಮೇಲೆ ಮರಳು ಉದುರಿಸಿ, ಅದರ ಅಂಚಿಗೆ ಪಿಟೀಲಿನ ಕಮಾನು ಎಳೆದ. ಅಲುಗುವ ಜಾಗದಿಂದ ಮರಳು ಸಿಡಿದು ಹೋಗಿ, ಅಲುಗದ ಗೆರೆಗಳ ಮೇಲೆ ಬಂದು ಕೂತಿತು. ತಟ್ಟೆಯ ಮೇಲೆ ರಂಗೋಲಿ! 1787ರಲ್ಲಿ ಇದನ್ನು ಪುಸ್ತಕವಾಗಿ ಪ್ರಕಟಿಸಿದ. ಗಮನಿಸಿ, ಮರಳು ಹೇಳುವುದು ಎಲ್ಲಿ ಏನೂ ಆಗುತ್ತಿಲ್ಲ ಅನ್ನುವುದನ್ನು ಮಾತ್ರ. ಆಗುತ್ತಿರುವ ಕಡೆ ಎಷ್ಟು ಎತ್ತರ, ಯಾವಾಗ ಮೇಲೆ, ಯಾವಾಗ ಕೆಳಗೆ, ಅದಕ್ಕೆ ಮರಳಿನ ಹತ್ತಿರ ಉತ್ತರವಿಲ್ಲ.

ಎತ್ತರ ತೋರಿಸಿದವನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಅಮೆರಿಕದ ಯೇಲ್‌ನಲ್ಲಿದ್ದ ವಿಲ್ಲರ್ಡ್ ಗಿಬ್ಸ್ 1873ರಲ್ಲಿ ಬರೆದ ಲೇಖನಗಳನ್ನು ಓದಿ ಮರುಳಾದ ಮ್ಯಾಕ್ಸ್‌ವೆಲ್, ಮುಂದಿನ ವರ್ಷ ಅದರಲ್ಲಿದ್ದ ಶಾಖಶಾಸ್ತ್ರದ ಮೇಲ್ಮೈಯನ್ನು ತನ್ನ ಕೈಯಾರೆ ರೂಪಿಸಿದ. ನೀರಿನಂಥ ಒಂದು ಕಾಲ್ಪನಿಕ ವಸ್ತುವಿನ ಗಾತ್ರ, ಎಂಟ್ರೊಪಿ ಮತ್ತು ಶಕ್ತಿ, ಈ ಮೂರೂ ಗಾರೆಯ ಒಂದು ಗುಡ್ಡವಾಗಿ ನಿಂತವು. ಅಚ್ಚು ತೆಗೆದ ಒಂದು ಪ್ರತಿಯನ್ನು ಗಿಬ್ಸ್‌ಗೂ ಕಳಿಸಿದ. ಇದಕ್ಕಿಂತ ಚೆಂದದ ಸರ್ಫೇಸ್ ಪ್ಲಾಟ್ ಉಂಟೇ? ಕೈಯಲ್ಲಿ ಹಿಡಿದು ಸುತ್ತಲೂ ತಿರುಗಿಸಿ ನೋಡಬಹುದು. ಆದರೆ ಅದು ಅಲುಗಾಡುವುದಿಲ್ಲ.

ತಿರುಗಿಸುವುದು ಬೇರೆ, ಅಲುಗಾಡಿಸುವುದು ಬೇರೆ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಕಂಪ್ಯೂಟರುಗಳು ಬಂದ ಮೇಲೂ ಈ ಎರಡರ ನಡುವೆ ಸುಮಾರು ಇಪ್ಪತ್ತು ವರ್ಷದ ಕಂದಕ ಉಳಿದುಕೊಂಡಿತ್ತು.

*

ಕಂಪ್ಯೂಟರಿಗೆ ಮೊದಲು ಎದುರಾದ ತೊಂದರೆ ಕುಣಿಸುವುದಲ್ಲ, ಮರೆಮಾಡುವುದು. ಮುಂದಿನ ಗುಡ್ಡದ ಹಿಂದೆ ಇರುವ ಗೆರೆ ಕಾಣಬಾರದು. ಎಲ್ಲ ಗೆರೆಗಳನ್ನೂ ಎಳೆದುಬಿಟ್ಟರೆ ಜೇಡರ ಬಲೆ ಕಂಡೀತೇ ಹೊರತು ಗುಡ್ಡವಲ್ಲ. 1963ರಲ್ಲಿ ಎಂಐಟಿಯ ಲಾರೆನ್ಸ್ ರಾಬರ್ಟ್ಸ್ ತಮ್ಮ ಪಿಎಚ್‌ಡಿಯಲ್ಲಿ ಮರೆಯಾದ ಗೆರೆಗಳನ್ನು ಅಳಿಸುವ ಲೆಕ್ಕವನ್ನು ಕೊಟ್ಟರು. ಸರ್ಫೇಸ್ ಪ್ಲಾಟಿಗೇ ಅಂತ ಇನ್ನೂ ಸುಲಭದ ಉಪಾಯ 1970ರ ದಶಕದ ಆರಂಭದಲ್ಲಿ ಬಂತು. ನಮಗೆ ತೀರ ಹತ್ತಿರದ ಗೆರೆಯನ್ನು ಮೊದಲು ಎಳೆಯಿರಿ. ಕಾಗದದ ಪ್ರತಿ ಕಂಬಸಾಲಿನಲ್ಲೂ ಇದುವರೆಗೆ ಮುಟ್ಟಿದ ಅತಿ ಮೇಲಿನ ಮತ್ತು ಅತಿ ಕೆಳಗಿನ ಎತ್ತರವನ್ನು ಬರೆದಿಟ್ಟುಕೊಳ್ಳಿ. ಹಿಂದಿನ ಗೆರೆಗಳು ಆ ದಿಗಂತವನ್ನು ದಾಟಿದರೆ ಮಾತ್ರ ಎಳೆಯಿರಿ, ಇಲ್ಲದಿದ್ದರೆ ಪೆನ್ನು ಎತ್ತಿ. ಕಂಬಸಾಲಿಗೆ ಎರಡೇ ಸಂಖ್ಯೆಯ ಮೆಮೊರಿ ಸಾಕು! ನಮ್ಮ ಹಳೇ ಪಠ್ಯಪುಸ್ತಕಗಳಲ್ಲಿ ಕಾಣುವ, ಹ್ಯಾಟಿನ ಆಕಾರದ ಕಪ್ಪು ಗೆರೆಯ ಗ್ರಾಫುಗಳ ಹಿಂದಿರುವ ಉಪಾಯ ಇಂಥದ್ದು. ಒಂದು ಚಿತ್ರ ಬಿಡಿಸಲು ಪ್ಲಾಟರಿನ ಪೆನ್ನಿಗೆ ನಿಮಿಷಗಳೇ ಹಿಡಿಯುತ್ತಿದ್ದವು.

ಹಾಗಾದರೆ ಚಲನೆ? ಅದಕ್ಕಿದ್ದ ದಾರಿ ಒಂದೇ, ಸಿನಿಮಾ. ಬೆಲ್ ಲ್ಯಾಬ್ಸ್‌ನ ಎಡ್ವರ್ಡ್ ಜಾಜಾಕ್ 1963ರಲ್ಲಿ ಭೂಮಿಯ ಸುತ್ತ ಉಪಗ್ರಹವೊಂದು ಹೇಗೆ ಹೊರಳುತ್ತದೆ ಅಂತ ಲೆಕ್ಕ ಹಾಕಿ, ಒಂದೊಂದು ಚಿತ್ರವನ್ನೂ ಕಂಪ್ಯೂಟರಿನಿಂದಲೇ ಫಿಲ್ಮಿನ ಮೇಲೆ ಮೂಡಿಸಿ, ಆಮೇಲೆ ಪ್ರೊಜೆಕ್ಟರಿನಲ್ಲಿ ಓಡಿಸಿದರು. ಮೊದಲೇ ಅಡುಗೆ ಮಾಡಿಟ್ಟು ಬಡಿಸುವ ಪದ್ಧತಿ. ಇದರಲ್ಲಿ ಲಯ ತಪ್ಪುವುದಿಲ್ಲ. ಆದರೆ "ಇಲ್ಲಿ ಹೊಡೆಯದೆ ಅಲ್ಲಿ ಹೊಡೆದರೆ ಏನಾಗುತ್ತೆ?" ಅಂತ ಮಾಮನಂಥವರು ಕೇಳಿದರೆ ಮತ್ತೆ ಮೊದಲಿನಿಂದ ಎಲ್ಲ ಫ್ರೇಮುಗಳನ್ನೂ ಬೇಯಿಸಬೇಕು.

ಮುಂದಿನ ಅಧ್ಯಾಯ ಉಟಾ ವಿಶ್ವವಿದ್ಯಾಲಯದ್ದು. 1970ರ ದಶಕದ ಮೊದಲ ಐದು ವರ್ಷ ಅಲ್ಲಿ ಗ್ರಾಫಿಕ್ಸಿನ ಸುಗ್ಗಿ. ಆನ್ರಿ ಗೂರೋ 1971ರಲ್ಲಿ ತನ್ನ ಹೆಂಡತಿ ಸಿಲ್ವಿಯ ಮುಖದ ಮೇಲೆ ಗೆರೆಗಳನ್ನು ಬರೆದು, ಅಳತೆ ತೆಗೆದು, ಆ ಪುಟ್ಟ ಚಪ್ಪಟೆ ತುಂಡುಗಳು ನುಣುಪಾಗಿ ಕಾಣುವಂತೆ ಬಣ್ಣ ಹರಡುವ ಕ್ರಮ ಕಂಡುಹಿಡಿದ. ವಿಯೆಟ್ನಾಮಿನ ಬುಯಿ ತುವಾಂಗ್ ಫಾಂಗ್ 1973ರಲ್ಲಿ ಹೊಳಪನ್ನು ಸೇರಿಸಿದ. 1975ರಲ್ಲಿ, ತನ್ನ ಲೇಖನ ಅಚ್ಚಾದ ವರ್ಷವೇ, ತೀರಿಕೊಂಡ. ಆಗಿನ್ನೂ ಮೂವತ್ತರ ಆಸುಪಾಸಿನ ವಯಸ್ಸು. ಇವತ್ತು ನಾವು ಒಂದು ಸಾಲಿನಲ್ಲಿ ಕರೆಯುವ ಹೆಸರು ಒಬ್ಬ ಮನುಷ್ಯನದ್ದು ಅಂತ ನನಗೆ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ.

ಅಲ್ಲಿಯವನೇ ಆದ ಎಡ್ವಿನ್ ಕ್ಯಾಟ್ಮಲ್ 1974ರ ತನ್ನ ಪ್ರಬಂಧದಲ್ಲಿ ಮರೆಮಾಡುವ ಕೆಲಸಕ್ಕೆ ಒರಟು ಉಪಾಯವೊಂದನ್ನು ಹೇಳಿದ. ಅದೇ ವರ್ಷ ಬರ್ಲಿನ್ನಿನಲ್ಲಿ ವುಲ್ಫ್‌ಗಾಂಗ್ ಸ್ಟ್ರಾಸರ್ ಕೂಡ ಬೇರೆಯಾಗಿಯೇ ಅದನ್ನು ಬರೆದಿದ್ದರು. ತೆರೆಯ ಪ್ರತಿ ಚುಕ್ಕಿಗೂ ಅಲ್ಲಿ ಈಗ ಕಾಣುತ್ತಿರುವ ವಸ್ತು ಎಷ್ಟು ದೂರದಲ್ಲಿದೆ ಅಂತ ಬರೆದಿಡುವುದು. ಹೊಸದು ಅದಕ್ಕಿಂತ ಹತ್ತಿರವಿದ್ದರೆ ಮಾತ್ರ ಚುಕ್ಕಿಯ ಬಣ್ಣ ಬದಲಿಸುವುದು. ಇದೇ ಝಡ್-ಬಫರ್. 512 ಚುಕ್ಕಿ ಅಗಲ, 512 ಚುಕ್ಕಿ ಎತ್ತರದ ತೆರೆಗೆ ಚುಕ್ಕಿಗೆ ಎರಡು ಬೈಟಿನಂತೆ ಅರ್ಧ ಮೆಗಾಬೈಟ್ ಬೇಕು. ಇವತ್ತಿಗೆ ಅದು ಒಂದು ಗುಡ್ ಮಾರ್ನಿಂಗ್ ಫೋಟೋದಷ್ಟು, ಆದರೆ 1974ಕ್ಕೆ ದುಬಾರಿ ಶೋಕಿ. ಮೆಮೊರಿ ಅಗ್ಗವಾಗುತ್ತಿದ್ದಂತೆ ಈ ಒರಟು ಉಪಾಯವೇ ಗೆದ್ದಿತು. ಏಕೆಂದರೆ ಇದರಲ್ಲಿ ತುಂಡುಗಳನ್ನು ದೂರ-ಹತ್ತಿರ ಅಂತ ಜೋಡಿಸಿಕೊಳ್ಳುವ ತಾಪತ್ರಯವಿಲ್ಲ, ಬಂದ ಹಾಗೆ ಎಸೆದುಬಿಡಬಹುದು.

*

ಈಗ ಯಂತ್ರದ ಕಡೆಗೆ. ಸ್ಟ್ಯಾನ್‌ಫರ್ಡ್‌ನ ಜಿಮ್ ಕ್ಲಾರ್ಕ್ 1982ರಲ್ಲಿ ಜಾಮೆಟ್ರಿ ಎಂಜಿನ್ ಎಂಬ ಚಿಪ್ ಬಗ್ಗೆ ಬರೆದರು. ಬಿಂದುಗಳನ್ನು ತಿರುಗಿಸುವುದು, ತೆರೆಯ ಹೊರಗೆ ಹೋದದ್ದನ್ನು ಕತ್ತರಿಸುವುದು, ಈ ಲೆಕ್ಕವನ್ನೆಲ್ಲ ಸಿಲಿಕಾನಿನಲ್ಲೇ ಮಾಡುವ ಚಿಪ್. ಸಿಲಿಕಾನ್ ಗ್ರಾಫಿಕ್ಸ್ ಕಂಪನಿ ಹುಟ್ಟಿದ್ದು ಅದರ ಮೇಲೆ. ಅವರ ಯಂತ್ರಗಳ ಭಾಷೆಯಿಂದಲೇ 1992ರಲ್ಲಿ ಓಪನ್‌ಜಿಎಲ್ ಬಂತು.

ಇಲ್ಲಿಂದ ಮುಂದೆ ಗುಡ್ಡವನ್ನು ತಿರುಗಿಸುವುದು ನೀರು ಕುಡಿದಷ್ಟು ಸಲೀಸು. ಗುಡ್ಡವನ್ನು ಒಂದು ಪಟ್ಟಿಯಾಗಿ ಮೊದಲೇ ಒಪ್ಪಿಸಿಬಿಟ್ಟು, ಆಮೇಲೆ ಪ್ರತಿ ಫ್ರೇಮಿಗೂ ಹದಿನಾರು ಸಂಖ್ಯೆಗಳ ಒಂದು ಮ್ಯಾಟ್ರಿಕ್ಸ್ ಕಳಿಸಿದರಾಯಿತು. ಆದರೆ ಗುಡ್ಡವೇ ಆಕಾರ ಬದಲಿಸಿದರೆ ಆ ಪಟ್ಟಿ ಕಸ. ಮತ್ತೆ ಎಲ್ಲ ಬಿಂದುಗಳನ್ನೂ ಸಿಪಿಯು ಒಂದೊಂದಾಗಿ ಕೂಗಿ ಹೇಳಬೇಕು: ಇದು ಬಿಂದು, ಇದು ಅದರ ಓರೆ, ಇದು ಮುಂದಿನ ಬಿಂದು... ಮದುವೆ ಪಂಕ್ತಿಯಲ್ಲಿ ಒಂದೊಂದೇ ಅನ್ನದ ಅಗುಳು ತಂದು ಎಲೆಗೆ ಹಾಕಿದ ಹಾಗೆ. 200ಕ್ಕೆ 200ರ ಬಲೆಯಲ್ಲಿ 40,000 ಬಿಂದು. ಪಟ್ಟೆಪಟ್ಟೆಯಾಗಿ ಕಳಿಸಿದರೆ ಹೆಚ್ಚುಕಡಿಮೆ ಪ್ರತಿ ಬಿಂದುವೂ ಎರಡು ಸಲ ಹೋಗುತ್ತದೆ. ಬಿಂದುವಿಗೊಂದು ಕರೆ, ಓರೆಗೊಂದು ಕರೆ. ಅಂದರೆ ಫ್ರೇಮಿಗೆ 1,60,000 ಕರೆ. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ 96 ಲಕ್ಷ. ಲೆಕ್ಕ ಹಾಕುವುದಕ್ಕಿಂತ ಹಾಕಿದ ಲೆಕ್ಕವನ್ನು ಸಾಗಿಸುವುದಕ್ಕೇ ಜೀವ ಹೋಗುತ್ತಿತ್ತು.

ಈ ಕಾಲದ ಒಂದು ಸರ್ಫೇಸ್ ಪ್ಲಾಟ್ ಅನ್ನು ನೀವೆಲ್ಲ ನೋಡಿದ್ದೀರಿ, ಗೊತ್ತಾ? ಮ್ಯಾಟ್‌ಲ್ಯಾಬ್‌ನ ಲೋಗೋ! ಆ ಕೇಸರಿ-ನೀಲಿ ಬಣ್ಣದ ಬಾಗಿದ ಹಾಳೆ ಕಲಾವಿದರ ಕಲ್ಪನೆಯಲ್ಲ. ಮ್ಯಾಟ್‌ಲ್ಯಾಬ್ ಬರೆದ ಕ್ಲೀವ್ ಮೋಲರ್ 1965ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮಾಡಿದ ಪಿಎಚ್‌ಡಿಯಲ್ಲಿ, ಇಂಗ್ಲಿಷಿನ ಎಲ್ ಅಕ್ಷರದ ಆಕಾರದ ಚೌಕಟ್ಟಿಗೆ ಬಿಗಿದ ಚರ್ಮದ ಕಂಪನದ ಲೆಕ್ಕವಿತ್ತು. ಒಳಮೂಲೆಯಲ್ಲಿ ಚರ್ಮದ ಇಳಿಜಾರು ಅನಂತವಾಗುವುದರಿಂದ ಅದು ಹಟಮಾರಿ ಲೆಕ್ಕ. ಆ ಚರ್ಮದ ಅತಿ ಕೆಳಗಿನ ಸ್ವರದ ಆಕಾರವೇ ಲೋಗೋ. ಇದರಲ್ಲೊಂದು ತಮಾಷೆಯಿದೆ. ಬಿಗಿದ ಚರ್ಮ ಅಂಚಿನಲ್ಲೆಲ್ಲ ಸೊನ್ನೆ ಎತ್ತರದಲ್ಲಿರಬೇಕಲ್ಲ? ಲೋಗೋದಲ್ಲಿ ಹಾಗಿಲ್ಲ, ಅಂಚು ಎದ್ದಿದೆ. ಸರಣಿಯ ಕೆಲವೇ ಪದಗಳನ್ನು ಕೂಡಿಸಿದರೆ ಚಿತ್ರ ಹೆಚ್ಚು ಚೆಂದ ಕಾಣುತ್ತದೆ ಅಂತ ಬೇಕೆಂದೇ ಹಾಗೆ ಬಿಟ್ಟಿದ್ದಾರೆ. ಬಿಗಿಯದ ಮೃದಂಗ!

ಮ್ಯಾಟ್‌ಲ್ಯಾಬ್ ಜೊತೆಗೇ ಬರುತ್ತಿದ್ದ ವೈಬ್ಸ್ ಎಂಬ ಡೆಮೋದಲ್ಲಿ ಆ ಎಲ್ ಚರ್ಮ ಕುಣಿಯುತ್ತಿತ್ತು. ಅದರೊಳಗಿನ ಲೆಕ್ಕ ನೋಡಿದಾಗ ನನಗೆ ತಲೆಯಲ್ಲಿ ಬಲ್ಬು ಹತ್ತಿದ್ದು. ಚರ್ಮಕ್ಕೆ ಕೆಲವು ಸ್ವಂತ ಆಕಾರಗಳಿರುತ್ತವೆ, ಮೋಡ್ ಅನ್ನುತ್ತಾರೆ. ಎಲ್ಲಿ ಹೇಗೆ ಹೊಡೆದರೂ ಆಗುವ ಕುಣಿತ ಆ ಆಕಾರಗಳ ಮೊತ್ತವೇ. ಒಂದೊಂದು ಆಕಾರವೂ ತಾನು ಬದಲಾಗದೆ, ತನ್ನದೇ ವೇಗದಲ್ಲಿ ಬರೀ ಹಿಗ್ಗಿ ಕುಗ್ಗುತ್ತದೆ. ಅಂದರೆ ಆಕಾರ ಒಂದು ಕಡೆ, ಕಾಲ ಒಂದು ಕಡೆ. ಒಂದನ್ನೊಂದು ಗುಣಿಸಿ ಕೂಡಿಸಿದರೆ ಕುಣಿತ. ಇದು ಹತ್ತೊಂಬತ್ತನೇ ಶತಮಾನದ ಗಣಿತ. 1877ರ ರೇಲೆಯ ಪುಸ್ತಕದಲ್ಲೇ ಇದೆ. ನಾನು ಮೂರನೇ ಸೆಮಿಸ್ಟರಿನಲ್ಲಿ ಇದನ್ನು ಬಾಯಿಪಾಠ ಮಾಡಿ ಪಾಸಾಗಿ ಮರೆತಿದ್ದೆ.

ಆಕಾರ ಬದಲಾಗುವುದಿಲ್ಲ ಅಂದಮೇಲೆ ಅದನ್ನು ಒಂದೇ ಸಲ ಕಳಿಸಿದರೆ ಸಾಕಲ್ಲ? ಸಾಕು. ಆದರೆ ಆ ಕಡೆ ಗುಣಿಸಿ ಕೂಡಿಸುವವರು ಯಾರಾದರೂ ಇರಬೇಕು. 1982ರ ಚಿಪ್‌ಗೆ ತಿರುಗಿಸುವುದು ಗೊತ್ತಿತ್ತು, ನಮ್ಮ ಮಾತು ಕೇಳಿ ಗುಣಿಸುವುದು ಗೊತ್ತಿರಲಿಲ್ಲ. 1999ರಲ್ಲಿ ಜಿಪಿಯು ಎಂಬ ಹೆಸರು ಹೊತ್ತು ಬಂದ ಜಿಫೋರ್ಸ್ 256 ಕೂಡ ಅದೇ ಕೆಲಸಗಳನ್ನು ಅಗ್ಗಕ್ಕೆ ಮನೆಮನೆಗೆ ತಂದಿತೇ ಹೊರತು ಹೊಸ ಮಾತು ಕೇಳುತ್ತಿರಲಿಲ್ಲ. 2001ರ ಜಿಫೋರ್ಸ್ 3 ಕೇಳಿತು. ಪ್ರತಿ ಬಿಂದುವಿನ ಮೇಲೂ ನಾವೇ ಬರೆದ 128 ಆಣತಿಗಳವರೆಗಿನ ಪುಟ್ಟ ಪ್ರೋಗ್ರಾಮ್ ಓಡಿಸಬಹುದಾಯಿತು. ಲೂಪ್ ಇಲ್ಲ, ಇಫ್ ಇಲ್ಲ, ಆದರೂ ಗುಣಿಸಿ ಕೂಡಿಸಲು ಏನಡ್ಡಿ? ಗುಡ್ಡವನ್ನು ತಿರುಗಿಸುವ ಚಿಪ್‌ನಿಂದ ಗುಡ್ಡವನ್ನು ಅಲುಗಾಡಿಸುವ ಚಿಪ್‌ಗೆ ಬರಲು ಹತ್ತೊಂಬತ್ತು ವರ್ಷ.

ಉಳಿದದ್ದು ಬೇಗಬೇಗ ಆಯಿತು. 2003ರ ಓಪನ್‌ಜಿಎಲ್ 1.5ರಲ್ಲಿ ಬಿಂದುಗಳನ್ನು ಇಡಿಯಾಗಿ ಕಾರ್ಡಿನ ಮೆಮೊರಿಯಲ್ಲೇ ಇಡುವ ಬಫರುಗಳು ಬಂದವು. ಅಗುಳಿನ ಬದಲು ಅನ್ನದ ಕೊಳಗವನ್ನೇ ಪಂಕ್ತಿಗೆ ತಂದಿಟ್ಟಂತೆ. 2004ರ ಓಪನ್‌ಜಿಎಲ್ 2.0ರಲ್ಲಿ ಈ ಪುಟ್ಟ ಪ್ರೋಗ್ರಾಮುಗಳನ್ನು, ಅಂದರೆ ಶೇಡರುಗಳನ್ನು, ಸಿ ಭಾಷೆಯ ಧಾಟಿಯಲ್ಲಿ ಬರೆಯುವಂತಾಯಿತು. 2011ರಲ್ಲಿ ವೆಬ್‌ಜಿಎಲ್ ಬಂದಮೇಲೆ ಇದೆಲ್ಲ ಬ್ರೌಸರಿನೊಳಗೇ. ಮೈಸೂರಿನ ಮಾಮನಿಗೆ ಒಂದು ಲಿಂಕ್ ಕಳಿಸಿದರೆ ಸಾಕು.

*

ಇಷ್ಟು ತಿಳಿದ ಮೇಲೆ ನನ್ನ ಮೊದಲ ಪ್ರೋಗ್ರಾಮ್ ನೋಡಿ ನನಗೇ ನಾಚಿಕೆಯಾಯಿತು. 2000ದ ನಂತರ ಹುಟ್ಟಿದ ಲೈಬ್ರರಿ ಬಳಸಿ ನಾನು ಬರೆದದ್ದು 1970ರ ದಶಕದ ಪ್ರೋಗ್ರಾಮ್! ಪ್ರತಿ ಫ್ರೇಮಿಗೂ ಎಲ್ಲ ಎತ್ತರಗಳನ್ನು ಮತ್ತೆ ಲೆಕ್ಕ ಹಾಕಿ, ಎಲ್ಲ ತುಂಡುಗಳನ್ನು ಹೊಸದಾಗಿ ಕಟ್ಟಿ, ದೂರದ್ದು ಮೊದಲು ಅಂತ ಜೋಡಿಸಿ, ಒಂದೊಂದಾಗಿ ಬಣ್ಣ ಬಳಿಯುತ್ತಿತ್ತು. ಸೆಕೆಂಡಿಗೆ ಆರೇಳು ಫ್ರೇಮ್. ತಪ್ಪು ಲೈಬ್ರರಿಯದ್ದಲ್ಲ, ನಿಂತ ಚಿತ್ರ ಬಿಡಿಸುವವನನ್ನು ಕುಣಿಯಲು ಹಚ್ಚಿದ ನನ್ನದು.

ಹೊಸದನ್ನು ಹೀಗೆ ಬರೆದೆ. 200 ಉಂಗುರ, 200 ಅರೆಗಳ ದುಂಡು ಬಲೆ. ಮೋಡ್‌ಗಳು ಒಂಬತ್ತು (ಒಂಬತ್ತೇ ಯಾಕೆ ಅಂತ ಮುಂದೆ ಹೇಳುತ್ತೇನೆ). ಪ್ರತಿ ಬಿಂದುವಿಗೂ ಒಂಬತ್ತು ಎತ್ತರ. ಬೆಳಕು ಸರಿಯಾಗಿ ಬೀಳಬೇಕಾದರೆ ಇಳಿಜಾರು ಗೊತ್ತಿರಬೇಕು. ಮೊತ್ತದ ಇಳಿಜಾರು ಅಂದರೆ ಇಳಿಜಾರುಗಳ ಮೊತ್ತವೇ ಆದ್ದರಿಂದ ಅದನ್ನೂ ಮೊದಲೇ ಲೆಕ್ಕ ಹಾಕಿಡಬಹುದು, ಎರಡು ದಿಕ್ಕಿಗೆ ಒಂಬತ್ತೊಂಬತ್ತು. ಒಟ್ಟು 27, ಜೊತೆಗೆ ಬಿಂದುವಿನ ಜಾಗಕ್ಕೆ 2. ಬಿಂದುವಿಗೆ 29 ಸಂಖ್ಯೆ. ನಾಲ್ಕು ನಾಲ್ಕರ ಕಟ್ಟು ಮಾಡಿದರೆ ಎಂಟು ಕಟ್ಟು. ವೆಬ್‌ಜಿಎಲ್‌ನ ಮೊದಲ ಆವೃತ್ತಿ ಎಂಥ ಬಡಪಾಯಿ ಯಂತ್ರದಲ್ಲೂ ಇದ್ದೇ ಇರುತ್ತದೆ ಅಂತ ಭರವಸೆ ಕೊಡುವುದೂ ಎಂಟೇ ಕಟ್ಟಿಗೆ! ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಕೂತಿತು. ಒಟ್ಟು ಸುಮಾರು 46 ಲಕ್ಷ ಬೈಟ್, ಶುರುವಿನಲ್ಲಿ ಒಂದೇ ಸಲ. ಆಮೇಲೆ ಫ್ರೇಮಿಗೆ ಹೋಗುವುದು ಒಂಬತ್ತು ಸಂಖ್ಯೆ, 36 ಬೈಟ್. ನೋಡುವ ಕೋನಕ್ಕೆ ಇನ್ನೊಂದು ಮ್ಯಾಟ್ರಿಕ್ಸ್ ಅಷ್ಟೆ. ಹೊಡೆತ ಎಲ್ಲಿ ಬಿತ್ತು, ಯಾವ ಮೋಡ್ ಎಷ್ಟು ಎದ್ದಿತು, ಎಷ್ಟು ಬೇಗ ಕುಂದಿತು, ಎಲ್ಲ ಆ ಒಂಬತ್ತರೊಳಗೇ.

ಒಂದು ಎಡವಟ್ಟನ್ನೂ ಹೇಳಿಬಿಡುತ್ತೇನೆ. ಮೊದಲು ಒಂಬತ್ತು ಸಂಖ್ಯೆಗಳ ಬದಲು ಬರೀ ಸಮಯವನ್ನೇ ಕಳಿಸಿ, ಉಳಿದದ್ದು ಜಿಪಿಯು ನೋಡಿಕೊಳ್ಳಲಿ ಅಂತ ಬುದ್ಧಿವಂತಿಕೆ ಮಾಡಿದ್ದೆ. ಸಮಯ ಅಂತ ಕೊಟ್ಟದ್ದು 1970ರಿಂದ ಇಲ್ಲಿಯವರೆಗಿನ ಮಿಲಿಸೆಕೆಂಡುಗಳನ್ನು. ಚರ್ಮ ಕಲ್ಲಿನ ಹಾಗೆ ನಿಂತುಬಿಟ್ಟಿತು! ಶೇಡರಿನ 32 ಬಿಟ್‌ನ ದಶಾಂಶ ಸಂಖ್ಯೆಯಲ್ಲಿ ಅಷ್ಟು ದೊಡ್ಡ ಸಂಖ್ಯೆ 1,31,072ರ ಹೆಜ್ಜೆಯಲ್ಲಿ ಮಾತ್ರ ಮುಂದೆ ಹೋಗಬಲ್ಲದು. ಅಂದರೆ ನನ್ನ ಮೃದಂಗ ಎರಡು ನಿಮಿಷ ಹನ್ನೊಂದು ಸೆಕೆಂಡಿಗೊಮ್ಮೆ ಒಂದು ಸಲ ಜಿಗಿಯುತ್ತಿತ್ತು. ಇದನ್ನು ಹುಡುಕಲು ಒಂದು ಭಾನುವಾರ ಪೂರ್ತಿ ಹೋಯಿತು. ಕೊನೆಗೆ ಕಾಲದ ಲೆಕ್ಕವನ್ನು 64 ಬಿಟ್‌ನಲ್ಲಿ ಸಿಪಿಯು ಮಾಡುವುದು, ಗುಣಿಸಿ ಕೂಡಿಸುವ ಕೂಲಿಯನ್ನು ಜಿಪಿಯು ಮಾಡುವುದು ಅಂತ ಪಾಲು ಹಂಚಿದೆ.

ಮಾಮನ ಲಯದ ದೂರಿಗೆ ಇನ್ನೊಂದು ಕಾರಣವೂ ಇತ್ತು. ನಾನು ಫ್ರೇಮಿಗಿಷ್ಟು ಅಂತ ಕಾಲವನ್ನು ಮುಂದೂಡುತ್ತಿದ್ದೆ. ಒಂದು ಫ್ರೇಮ್ ತಡವಾದರೆ ಕಾಲವೇ ತಡವಾಗುತ್ತಿತ್ತು. ಅದನ್ನೇ ಮಾಮನ ಕಣ್ಣು ಹಿಡಿದದ್ದು. ಅವರು ಮಕ್ಕಳಿಗೆ ಬೈಯುವಾಗ ಹೇಳುವ ಮಾತು ನೆನಪಾಯಿತು: "ಒಂದೇಟು ಬಿಟ್ಟುಹೋದ್ರೆ ಹೋಗಲಿ, ತಾಳ ನಿಲ್ಲಿಸ್ಬೇಡ. ಮುಂದಿನ ಜಾಗಕ್ಕೆ ಬಂದು ಸೇರ್ಕೊ." ಈಗ ಕಾಲವನ್ನು ಗಡಿಯಾರದಿಂದಲೇ ತೆಗೆದುಕೊಳ್ಳುತ್ತೇನೆ. ಫ್ರೇಮ್ ಬಿಟ್ಟುಹೋದರೂ ತಾಳ ನಿಲ್ಲುವುದಿಲ್ಲ.

*

ಇನ್ನು ಬಿಸ್ಕತ್ ಡಬ್ಬದ ವಿಚಾರ. ನಾನು ಹಾಕಿದ್ದು ಸಾದಾ ದುಂಡು ಚರ್ಮದ ಲೆಕ್ಕ. ಅದರ ಸ್ವರಗಳು 1, 1.59, 2.14, 2.30, 2.65... ಹೀಗೆ ಅಡ್ಡಾದಿಡ್ಡಿ. ಒಂದಕ್ಕೊಂದು ಶ್ರುತಿ ಸೇರುವುದಿಲ್ಲ. ಡಬ್ಬದ ಸದ್ದು ಬಂದದ್ದು ಅದಕ್ಕೆ. ಮೃದಂಗದ ಬಲಮುಖದ ನಡುವೆ ಪದರ ಪದರವಾಗಿ ಮೆತ್ತಿದ ಕಪ್ಪು ಕರಣೆ ಇದೆಯಲ್ಲ, ಅದು ಈ ಅಡ್ಡಾದಿಡ್ಡಿಗಳನ್ನು ಎಳೆದು 1, 2, 3, 4, 5ರ ಸಾಲಿಗೆ ತರುತ್ತದೆ. ಇದನ್ನು ವಿಜ್ಞಾನದ ಭಾಷೆಯಲ್ಲಿ ಹೇಳಿದವರು ಸಿ. ವಿ. ರಾಮನ್. 1920ರಲ್ಲಿ ಕಲ್ಕತ್ತದಿಂದ ಶಿವಕಾಳಿ ಕುಮಾರ್ ಜೊತೆ ನೇಚರ್ ಪತ್ರಿಕೆಗೆ ಚಿಕ್ಕ ಟಿಪ್ಪಣಿ ಬರೆದಿದ್ದರು. 1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದರು. ಮರುವರ್ಷ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಕಟ್ಟಿ, ಅದರ ಪತ್ರಿಕೆಯ ಮೊದಲ ಸಂಪುಟದಲ್ಲೇ ಭಾರತೀಯ ಚರ್ಮವಾದ್ಯಗಳ ಬಗ್ಗೆ ಪೂರ್ತಿ ಲೇಖನ ಪ್ರಕಟಿಸಿದರು.

ಅದಕ್ಕೆ ರಾಮನ್ ಬಳಸಿದ ಗ್ರಾಫಿಕ್ಸ್ ಯಾವುದು ಗೊತ್ತಾ? ಮರಳು! ಕ್ಲಾಡ್ನಿಯ ಹಾಗೆಯೇ ಚರ್ಮದ ಮೇಲೆ ನುಣುಪಾದ ಮರಳು ಉದುರಿಸಿ, ನುಡಿಸಿ, ಅಲುಗದ ಗೆರೆಗಳ ಫೋಟೋ ತೆಗೆದರು. ಆ ಗೆರೆಗಳಿಂದ ಅವರು ಕಂಡದ್ದು ಒಂಬತ್ತು ಮೋಡ್‌ಗಳನ್ನು. ಒಂಬತ್ತೂ ಸೇರಿ ಐದೇ ಸ್ವರ: ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಒಂದು, ಮೂರು ಮತ್ತು ನಾಲ್ಕನೆಯವಕ್ಕೆ ಎರಡೆರಡು, ಐದನೆಯದಕ್ಕೆ ಮೂರು. ನನ್ನ ಒಂಬತ್ತು ಬಂದದ್ದು ಅಲ್ಲಿಂದ. ಪ್ರಾಮಾಣಿಕವಾಗಿ ಹೇಳುವುದಾದರೆ ನಾನು ಹಾಕಿದ ಆಕಾರಗಳು ಇನ್ನೂ ಸಾದಾ ಚರ್ಮದವೇ. ಕರಣೆಯ ಭಾರಕ್ಕೆ ಅವು ಸ್ವಲ್ಪ ಬದಲಾಗುತ್ತವೆ. ಸ್ವರದ ಲೆಕ್ಕ ಮಾತ್ರ ರಾಮನ್ ಅವರದ್ದು. ನಿಜವಾದ ಚರ್ಮ ಸೆಕೆಂಡಿಗೆ ನೂರಾರು ಸಲ, ಕಣ್ಣಿಗೆ ಕಾಣದಷ್ಟು ಅಲುಗುವುದನ್ನು ನಾನು ಮುನ್ನೂರು ಪಟ್ಟು ನಿಧಾನ ಮಾಡಿ, ಎತ್ತರವನ್ನೂ ಸಿಕ್ಕಾಪಟ್ಟೆ ಹಿಗ್ಗಿಸಿದ್ದೇನೆ. ಲೋಗೋದ ಎದ್ದ ಅಂಚನ್ನು ನೋಡಿ ನಕ್ಕವನು ನಾನೇ ಆದ್ದರಿಂದ ಇದನ್ನು ಹೇಳಲೇಬೇಕು. ಮಾಮನಿಗೂ ಹೇಳಿದ್ದೇನೆ.

ಹೋದ ತಿಂಗಳು ಮತ್ತೆ ಮೈಸೂರಿಗೆ ಹೋದೆ. ಅದೇ ಹಳೇ ಲ್ಯಾಪ್‌ಟಾಪ್. ಈ ಸಲ ಎಣ್ಣೆ ಹಾಕಿದ ಬಂಡಿಯ ಹಾಗೆ ಓಡಿತು. ಮಾಮ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಲಯದ ಬಗ್ಗೆ ಚಕಾರ ಎತ್ತಲಿಲ್ಲ. ಆಮೇಲೆ ಎರಡನೇ ಸ್ವರವೊಂದನ್ನೇ ಉಳಿಸಿ ಉಳಿದವನ್ನು ನಿಲ್ಲಿಸಿದೆ. ಚರ್ಮದ ಅರ್ಧ ಏಳುತ್ತದೆ, ಅರ್ಧ ಬೀಳುತ್ತದೆ, ನಡುವೆ ನೇರ ಒಂದು ಗೆರೆ ಮಾತ್ರ ಅಲುಗದೆ ನಿಂತಿರುತ್ತದೆ. ಮಾಮ ಮಾತಾಡದೆ ಬಲಗೈ ಚಾಚಿ, ಉಂಗುರ ಬೆರಳನ್ನು ತೆರೆಯ ಮೇಲೆ, ಆ ನಿಂತ ಗೆರೆಯ ಮೇಲೆ ಹಗುರವಾಗಿ ಇಟ್ಟರು. ತೋರುಬೆರಳು ತಾನಾಗಿಯೇ ಅಂಚಿಗೆ ಹೋಯಿತು.

"ನಂ ಅಂತ ನುಡಿಸೋವಾಗ ಇಲ್ಲೇ ಕಣೋ ನಾನು ಬೆರಳಿಡೋದು. ನಲವತ್ತು ವರ್ಷದಿಂದ ಇಡ್ತಾ ಇದೀನಿ. ಇಲ್ಲಿ ಚರ್ಮ ಸುಮ್ಮನಿರುತ್ತೆ ಅಂತ ಬೆರಳಿಗೆ ಗೊತ್ತಿತ್ತು, ನನಗೆ ಗೊತ್ತಿರ್ಲಿಲ್ಲ."

ಸಂಜೆ ಪಾಠಕ್ಕೆ ಬಂದ ಮಕ್ಕಳನ್ನೆಲ್ಲ ಲ್ಯಾಪ್‌ಟಾಪಿನ ಸುತ್ತ ಕೂರಿಸಿ ಅದನ್ನೇ ತೋರಿಸಿದರು. ತೆರೆಯ ತುಂಬ ಬೆರಳಚ್ಚು!

ಹೊರಡುವಾಗ ಬಾಗಿಲ ತನಕ ಬಂದು ಮೆಲ್ಲಗೆ ಹೊಸ ಬೇಡಿಕೆ ಇಟ್ಟರು. ಎಡಮುಖವೂ ಬೇಕಂತೆ. ಅಲ್ಲಿ ಕರಣೆಯಿಲ್ಲ, ಕಚೇರಿಗೆ ಮುಂಚೆ ರವೆ ಕಲಸಿ ಮೆತ್ತುತ್ತಾರೆ, ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ರವೆ ಎಷ್ಟು, ಎಷ್ಟು ನೀರು, ಒಣಗಿದರೆ ಏನಾಗುತ್ತೆ, ಎಲ್ಲ ಲೆಕ್ಕಕ್ಕೆ ಬರಬೇಕು. ರಾಮನ್ ಅವರ ಒಂಬತ್ತು ಮೋಡ್ ಅಲ್ಲಿ ನಡೆಯುವುದಿಲ್ಲ. ಎಂಟು ಕಟ್ಟಿನ ಅಂಗಿಯನ್ನೂ ಬಿಚ್ಚಿ ಹೊಲಿಯಬೇಕೇನೋ. ಅತ್ತೆ ಒಂದು ಡಬ್ಬದಲ್ಲಿ ರವೆ ಕೊಟ್ಟು ಕಳಿಸಿದ್ದಾರೆ, ಉಪ್ಪಿಟ್ಟಿಗೋ ಸಂಶೋಧನೆಗೋ ಹೇಳಲಿಲ್ಲ :-)

ಅದರ ಕತೆ ಮುಂದೆ ಯಾವಾಗಲಾದರೂ. ಇವತ್ತಿಗೆ ಇಷ್ಟು ಕೊರೆತ ಸಾಕು.